ಎರೆಯ ಹೊಲವೂ ಹವಳದ ದಿಬ್ಬವೂ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹವಳವೆಂದರೆ ಹೆಣ್ಣುಮಕ್ಕಳ ಕೊರಳಿನ ಸರ, ಇಲ್ಲವೆ ನವರತ್ನಗಳಲ್ಲಿ ಒಂದು. ಆ ಕೆಂಪು ಹವಳವೂ ಬಹುಕಾಲದಿಂದ ಮೆಡಿಟರೇನಿಯನ್ ಕಡಲಿನಿಂದ ಬಂದದ್ದು. ಸಮುದ್ರವನ್ನು ಕಾಣಬೇಕಾದರೆ ಇಲ್ಲಿಯವರು ಘಟ್ಟ ಇಳಿಯಬೇಕು. ಹೀಗಿರುವಾಗ ಈ ನಾಲ್ಕು ತಾಲೂಕುಗಳಿಗೂ ಅರಬ್ಬೀ ಸಮುದ್ರದ ಹವಳದ ದಿಬ್ಬಗಳಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಒಂದಲ್ಲ, ಎರಡಿವೆ. ಒಂದು ಕಲ್ಲಿನದು, ಇನ್ನೊಂದು ಬರಗಾಲದ್ದು.

ಮೊದಲು ಕಲ್ಲಿನ ಮಾತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯ ರಾಬರ್ಟ್ ಬ್ರೂಸ್ ಫೂಟ್ ಎಂಬ ವಿದ್ವಾಂಸನು ದಕ್ಷಿಣ ಮರಾಠಾ ಸೀಮೆಯನ್ನೆಲ್ಲ ಸುತ್ತಿ, ಅದರ ಭೂರಚನೆಯನ್ನು ಕುರಿತ ದೊಡ್ಡ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದನು. ಕಲಾದಗಿಯ ಶಿಲೆಗಳು, ಭೀಮಾ ತೀರದ ಸುಣ್ಣದ ಕಲ್ಲು, ಅವುಗಳ ಮೇಲೆ ಹರಡಿದ ಕರಿಯ ಕಲ್ಲು ಇವೆಲ್ಲ ಅದರಲ್ಲಿ ವರ್ಣಿತವಾಗಿವೆ. ತಾಳಿಕೋಟೆಯ ಸುತ್ತಿನ ಹಾಸುಗಲ್ಲು ಒಂದು ಕಾಲಕ್ಕೆ ಕಡಲಿನ ತಳ. ಆದರೆ ಅದರಲ್ಲಿ ಹವಳವನ್ನು ಹುಡುಕಿದರೆ ಸಿಕ್ಕುವುದಿಲ್ಲ. ಆ ಕಡಲು ಬತ್ತಿದ್ದು ಹವಳದ ಪ್ರಾಣಿ ಹುಟ್ಟುವುದಕ್ಕಿಂತ ಬಹಳ ಹಿಂದೆ. ಬಾಗಲಕೋಟೆಯ ಕಡೆಯ ಕಲಾದಗಿ ಶಿಲೆಗಳಲ್ಲಿ ಮಾತ್ರ ಉಳ್ಳಾಗಡ್ಡಿಯ ಪದರಿನಂಥ ಗುರುತುಗಳು ಕಾಣುತ್ತವೆ. ಅವು ಆಳವಿಲ್ಲದ ನೀರಿನಲ್ಲಿ ಪಾಚಿಯಂಥ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ದಿಬ್ಬಗಳು. ಹವಳಕ್ಕಿಂತ ಮೊದಲು ಕಡಲಿನಲ್ಲಿ ಮನೆ ಕಟ್ಟಿದ ಜೀವಿಗಳು ಇವೇ.

ಇಂಡಿ, ಸಿಂದಗಿಗಳ ಎರೆಮಣ್ಣಿನ ಕೆಳಗಿರುವ ಕರಿಕಲ್ಲಿನ ಕಥೆ ಬೇರೆ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಒಡಲಿನಿಂದ ಉಕ್ಕಿದ ಲಾವಾರಸ ದಖ್ಖನ್ನಿನ ಮೇಲೆ ಹೊದಿಕೆಯ ಮೇಲೆ ಹೊದಿಕೆಯಾಗಿ ಹರಡಿತು. ಅದು ಸವೆದು ಎರೆಯಾಯಿತು, ಎರೆಯಲ್ಲಿ ಬಿಳಿಜೋಳ ಬೆಳೆಯಿತು. ಲಾವಾ ಉಕ್ಕಿಸಿದ ಆ ಕುಲುಮೆ ಮಾತ್ರ ಅಲ್ಲಿಗೆ ಆರಲಿಲ್ಲ. ಭಾರತದ ಭೂಭಾಗ ಅದರ ಮೇಲಿಂದ ಉತ್ತರಕ್ಕೆ ಸರಿಯಿತು. ಕುಲುಮೆ ಹಿಂದೆ ಉಳಿದು ಕಡಲಿನ ತಳದಲ್ಲಿ ಸಾಲು ಸಾಲಾಗಿ ಬೆಟ್ಟಗಳನ್ನು ಎಬ್ಬಿಸಿತು. ಈಗ ಅದು ರಿಯೂನಿಯನ್ ದ್ವೀಪದ ಕೆಳಗಿದೆ. ಲಕ್ಷದ್ವೀಪದಿಂದ ಮಾಲ್ದೀವ್, ಚಾಗೋಸ್‌ಗಳವರೆಗೆ ಕಡಲಿನೊಳಗೆ ಹಬ್ಬಿರುವ ಏಣು ಹೀಗೆ ಹುಟ್ಟಿದ್ದೆಂದು ಭೂವಿಜ್ಞಾನಿಗಳಲ್ಲಿ ಬಹುಮಂದಿಯ ಮತ. ಎಂದ ಮೇಲೆ ಸಿಂದಗಿಯ ಹೊಲವೂ ಲಕ್ಷದ್ವೀಪದ ಅಡಿಪಾಯವೂ ಒಂದೇ ಒಲೆಯ ಅಡಿಗೆ.

ಆ ಅಡಿಪಾಯದ ಮೇಲೆ ಮನೆ ಕಟ್ಟಿದವು ಹವಳದ ಹುಳುಗಳು. ಪುಟ್ಟ ಪ್ರಾಣಿಯೊಂದು ನೀರಿನಲ್ಲಿರುವ ಸುಣ್ಣವನ್ನು ಹೀರಿ ತನ್ನ ಸುತ್ತ ಗೂಡು ಕಟ್ಟುತ್ತದೆ. ಅದು ಸತ್ತರೆ ಗೂಡು ಉಳಿಯುತ್ತದೆ. ಅದರ ಮೇಲೆ ಮುಂದಿನ ಪೀಳಿಗೆ ಕಟ್ಟುತ್ತದೆ. ಕಡಲಿನ ನಡುವೆ ಬಳೆಯಂತೆ ದುಂಡಗಿರುವ ಹವಳದ ದ್ವೀಪಗಳು ಹೇಗಾದವೆಂಬ ಪ್ರಶ್ನೆಗೆ ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಉತ್ತರ ಕೊಟ್ಟನು. ನಡುವಿನ ಬೆಂಕಿಬೆಟ್ಟ ಮೆಲ್ಲನೆ ಮುಳುಗುತ್ತದೆ, ಸುತ್ತಲಿನ ಹವಳ ಬೆಳಕನ್ನು ಅರಸಿ ಮೇಲೇರುತ್ತದೆ, ಕೊನೆಗೆ ಬೆಟ್ಟ ಅಡಗಿ ಬಳೆಯೊಂದೇ ಉಳಿಯುತ್ತದೆ ಎಂದು. ನೂರಾ ಹತ್ತು ವರ್ಷಗಳ ತರುವಾಯ, 1952ರಲ್ಲಿ, ಪೆಸಿಫಿಕ್ ಸಾಗರದ ಎನೆವೆಟಾಕ್ ದ್ವೀಪದಲ್ಲಿ ಆಳವಾಗಿ ಕೊರೆದು ನೋಡಿದಾಗ ಸುಮಾರು 1,400 ಮೀಟರು ಹವಳದ ಸುಣ್ಣವನ್ನು ದಾಟಿ ಬೆಂಕಿಬೆಟ್ಟದ ಕಲ್ಲು ಸಿಕ್ಕಿತು.

ಲಕ್ಷದ್ವೀಪ ಕನ್ನಡಿಗರಿಗೆ ತೀರ ಪರಕೀಯವೂ ಅಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಎಂಬ ಐದು ದ್ವೀಪಗಳಿಗೆ ಅಮಿನ್‌ದೀವಿ ಎಂದು ಹೆಸರು. ಇವು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕೈಗೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಕಂಪೆನಿ ಸರಕಾರದ ಕೆನರಾ ಜಿಲ್ಲೆಗೆ ಸೇರಿದವು. ಅಂದಿನಿಂದ 1956ರ ವರೆಗೆ ಅವುಗಳ ಕಾರಭಾರ ಮಂಗಳೂರಿನ ಕಚೇರಿಯಿಂದಲೇ. ದ್ವೀಪದವರು ತೆಂಗಿನ ನಾರಿನ ಹಗ್ಗವನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು ಸರಕಾರದ ಉಗ್ರಾಣಕ್ಕೆ ಅಳೆದು, ಬದಲಿಗೆ ಅಕ್ಕಿ ಒಯ್ಯುತ್ತಿದ್ದರು. ಸರಕಾರದ ದಫ್ತರಿನಲ್ಲಿ ಹಗ್ಗದ ಲೆಕ್ಕವಿತ್ತು, ಅಕ್ಕಿಯ ಲೆಕ್ಕವಿತ್ತು. ದ್ವೀಪವನ್ನು ಹೊತ್ತು ನಿಂತ ಹವಳದ ಲೆಕ್ಕವನ್ನು ಮಾಡಿದವರು ಬೇರೆ. 1899–1900ರಲ್ಲಿ ಕೇಂಬ್ರಿಜ್ಜಿನ ಸ್ಟಾನ್ಲಿ ಗಾರ್ಡಿನರ್ ಬಂದು ಮಾಲ್ದೀವ್, ಲಕ್ಷದ್ವೀಪಗಳ ಜೀವರಾಶಿಯನ್ನು ಶೋಧಿಸಿದನು. ಸ್ವಾತಂತ್ರ್ಯಾನಂತರ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನ ಸಂಸ್ಥೆಯ ಸಿ. ಎಸ್. ಗೋಪಿನಾಥ ಪಿಳ್ಳೆಯವರು ಆಯುಷ್ಯದ ಬಹುಭಾಗವನ್ನು ಹವಳಗಳಿಗೇ ಮೀಸಲಿಟ್ಟು, ಲಕ್ಷದ್ವೀಪದ ನೂರಕ್ಕೂ ಮಿಕ್ಕ ಜಾತಿಗಳನ್ನು ಗುರುತಿಸಿದರು. ಅವರ ಪಟ್ಟಿ 1989ರಲ್ಲಿ ಹೊರಬಿತ್ತು.

ಇನ್ನು ಬರದ ಮಾತು. ಫೂಟನ ಗ್ರಂಥ ಹೊರಬಂದ 1876ರಲ್ಲಿಯೇ ಅವನು ಅಳೆದ ನಾಡಿನಲ್ಲಿ ಮಳೆ ಕೈಕೊಟ್ಟಿತು. ಆಗ ಈ ಜಿಲ್ಲೆಗೆ ಕಲಾದಗಿಯೇ ಮುಖ್ಯಸ್ಥಳ. 1872ರ ಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರವಿದ್ದ ಜನ, 1881ರ ಗಣತಿಗೆ 6 ಲಕ್ಷ 38 ಸಾವಿರಕ್ಕೆ ಇಳಿದಿದ್ದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರೋ ಗುಳೆ ಹೋದರೋ, ಅಂತೂ ಇಲ್ಲವಾದರು. ಆ ಅನುಭವದ ಬೆನ್ನಿಗೆ ಹಾಕಿದ ಹೋಟಗಿ–ಗದಗ ರೈಲು ದಾರಿ 1884ರಲ್ಲಿ ತೆರೆಯಿತು. ಇಂದಿಗೂ ಇಂಡಿ ರೋಡ್ ಸ್ಟೇಶನ್ನಿನಲ್ಲಿ ಇಳಿಯುವವರು ಆ ಬರದ ಫಲವನ್ನೇ ತುಳಿಯುತ್ತಾರೆ.

ಮಳೆ ಏಕೆ ತಪ್ಪಿತು? ಇದಕ್ಕೆ ಉತ್ತರ ಹುಡುಕುತ್ತ ಹೋದವರಲ್ಲಿ ಮುಖ್ಯನು 1904ರಿಂದ 1924ರ ವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರ್. ಹಿಂದೂ ಮಹಾಸಾಗರದ ಕಡೆ ಗಾಳಿಯ ಒತ್ತಡ ಏರಿದಾಗ ಪೆಸಿಫಿಕ್ ಕಡೆ ಇಳಿಯುವ, ಅಲ್ಲಿ ಏರಿದಾಗ ಇಲ್ಲಿ ಇಳಿಯುವ ಒಂದು ತೂಗುಯ್ಯಾಲೆಯನ್ನು ಅವನು ಕಂಡುಹಿಡಿದನು. ದಕ್ಷಿಣ ಅಮೆರಿಕೆಯ ಪೆರು ದೇಶದ ಬೆಸ್ತರು ಎಲ್ ನಿನ್ಯೊ ಎಂದು ಕರೆಯುತ್ತಿದ್ದ ಬಿಸಿನೀರಿನ ಹರಿವಿಗೂ ಈ ಉಯ್ಯಾಲೆಗೂ ಇರುವ ನಂಟನ್ನು 1960ರ ದಶಕದಲ್ಲಿ ಯಾಕೊಬ್ ಬ್ಯರ್ಕ್ನೆಸ್ ಬಿಡಿಸಿ ತೋರಿಸಿದನು. 1877–78ರ ಎಲ್ ನಿನ್ಯೊ ಚರಿತ್ರೆಯಲ್ಲಿಯೇ ಪ್ರಬಲವಾದವುಗಳಲ್ಲಿ ಒಂದೆಂದು ಈಗ ತಿಳಿದಿದೆ.

ಹವಳಕ್ಕೂ ಇದೇ ಕಂಟಕ. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಿಂದ ಅನ್ನ ತಯಾರಿಸಿ ಮನೆಯೊಡೆಯನಿಗೆ ಪಾಲು ಕೊಡುತ್ತವೆ. ಹವಳದ ಬಣ್ಣವೂ ಬಹುಮಟ್ಟಿಗೆ ಅವುಗಳದೇ. ನೀರಿನ ಬಿಸಿ ಬೇಸಗೆಯ ರೂಢಿಯ ಮಟ್ಟಕ್ಕಿಂತ ಒಂದು ಡಿಗ್ರಿಯಷ್ಟು ಏರಿ ಕೆಲವು ವಾರ ನಿಂತರೆ ಸಾಕು, ಹವಳ ಆ ಪಾಚಿಗಳನ್ನು ಹೊರದೂಡುತ್ತದೆ. ಆಗ ಅದು ಸುಣ್ಣ ಬಳಿದಂತೆ ಬಿಳುಪಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಳಿಯದಿದ್ದರೆ ಹಸಿದು ಸಾಯುತ್ತದೆ.

1998ರ ಬೇಸಗೆಯಲ್ಲಿ ಲಕ್ಷದ್ವೀಪದಲ್ಲಿ ಹೀಗೆಯೇ ಆಯಿತು. ಅದನ್ನು ನೀರಿಗಿಳಿದು ಕಣ್ಣಾರೆ ಅಳೆದವರು ಸಮುದ್ರವಿಜ್ಞಾನಿ ರೋಹನ್ ಆರ್ಥರ್. ಅವರ ಸಂಸ್ಥೆಯಾದ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ನೆಲೆ ಕಡಲಿಲ್ಲದ ನಮ್ಮ ಮೈಸೂರು. ಅವರೂ ಅವರ ಸಂಗಡಿಗರೂ ಒಮ್ಮೆ ಅಳೆದು ಸುಮ್ಮನಾಗಲಿಲ್ಲ. ಅಗತ್ತಿ, ಕಡ್ಮತ್, ಕವರತ್ತಿಗಳ ದಿಬ್ಬಗಳಿಗೆ ಮತ್ತೆ ಮತ್ತೆ ಇಳಿದು, ಇಪ್ಪತ್ತನಾಲ್ಕು ವರ್ಷಗಳ ಲೆಕ್ಕವನ್ನು ಒಟ್ಟುಗೂಡಿಸಿ 2025ರಲ್ಲಿ ಪ್ರಕಟಿಸಿದರು. 1998ರಲ್ಲಿ ದಿಬ್ಬದ ಮೈಯಲ್ಲಿ ಶೇಕಡಾ 37ರಷ್ಟನ್ನು ಆವರಿಸಿದ್ದ ಜೀವಂತ ಹವಳ, 2022ಕ್ಕೆ ಶೇಕಡಾ 19ರ ಆಸುಪಾಸಿಗೆ ಬಂದಿತ್ತು.

ಈ ಇಳಿತ ಬಂದ ಬಗೆಯನ್ನು ಬರಗಾಲದ ನಾಡಿನವರು ಯಾರಿಗಿಂತಲೂ ಚೆನ್ನಾಗಿ ಬಲ್ಲರು. ಒಂದು ವರ್ಷ ಮಳೆ ಹೋದರೆ ಹಗೇವಿನ ಜೋಳದಲ್ಲಿ ಕಾಲ ಕಳೆಯಬಹುದು. ಮರುವರ್ಷವೂ ಹೋದರೆ ಬೀಜದ ಕಾಳಿಗೆ ಕೈ ಹೋಗುತ್ತದೆ, ಎತ್ತು ಸಂತೆಗೆ ಹೋಗುತ್ತವೆ. ಆಮೇಲೆ ಮಳೆ ಬಂದರೂ ಬಿತ್ತುವವನಿಲ್ಲ. ರೈತನನ್ನು ಮುರಿಯುವುದು ಬರ ಒಂದೇ ಅಲ್ಲ, ಬರಕ್ಕೂ ಬರಕ್ಕೂ ನಡುವೆ ಬಿಡುವು ಸಿಗದಿರುವುದು. ಹವಳದ ವಿಷಯದಲ್ಲಿಯೂ ಈ ಸಂಶೋಧಕರು ಕಂಡದ್ದು ಇದನ್ನೇ. ಬಿಸಿಯ ಹೊಡೆತದ ನಂತರ ಸುಮಾರು ಆರು ವರ್ಷ ನೆಮ್ಮದಿಯಿಂದ ಕಳೆದ ಮೇಲಷ್ಟೇ ಚೇತರಿಕೆ ಚುರುಕಾಗುತ್ತದೆ. 1998ರ ನಂತರ ಮುಂದಿನ ದೊಡ್ಡ ಹೊಡೆತ 2010ರಲ್ಲಿ, ಆಮೇಲಿನದು 2016ರಲ್ಲಿ, ಮತ್ತೆ 2024ರಲ್ಲಿ. ಹನ್ನೆರಡು ವರ್ಷಗಳ ಬಿಡುವು ಆರಕ್ಕೆ, ಎಂಟಕ್ಕೆ ಬಂದಿದೆ. ಎಲ್ ನಿನ್ಯೊ ಹಿಂದೆಯೂ ಇತ್ತು. ಕಲ್ಲಿದ್ದಲು, ಎಣ್ಣೆಗಳ ಹೊಗೆಯಿಂದ ಕಡಲಿನ ನಿತ್ಯದ ಬಿಸಿಯೇ ಏರಿರುವುದರಿಂದ ಇಂದು ಅದರ ಏಟು ಹೆಚ್ಚು ಬಲವಾಗಿ ತಾಗುತ್ತದೆ.

ಎಲ್ ನಿನ್ಯೊ ಬಂದಾಗಲೆಲ್ಲ ನಮ್ಮಲ್ಲಿ ಬರವೆಂದು ಹೇಳುವಂತಿಲ್ಲ. 1997ರಲ್ಲಿ ಅದು ಪ್ರಬಲವಾಗಿದ್ದರೂ ದೇಶದ ಮಳೆ ಸಾಧಾರಣವಾಗಿಯೇ ಆಯಿತು. ಆದರೆ 2015ರಲ್ಲಿ ಕರ್ನಾಟಕಕ್ಕೆ ಬರ, 2016ರಲ್ಲಿ ಲಕ್ಷದ್ವೀಪದ ಹವಳಕ್ಕೆ ಬಿಳುಪು. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು, 2024ರ ಬೇಸಗೆಯಲ್ಲಿ ಹವಳ ಮತ್ತೆ ಬಿಳಿಚಿತು. ನೆಲದವರ ಕಷ್ಟ ಮೊದಲು, ಕಡಲಿನದು ಅದರ ಬೆನ್ನಿಗೆ.

ಹವಳ ಸತ್ತರೆ ಸತ್ತಿತು, ನಮಗೇನೆಂದು ಕೇಳುವವರೂ ಇರಬಹುದು. ದ್ವೀಪದವರು ಹಾಗೆ ಕೇಳಲಾರರು. ಅವರ ನೆಲವೇ ಹವಳದ ಮರಳು. ಸಮುದ್ರ ಮಟ್ಟದಿಂದ ಕೆಲವೇ ಮೀಟರು ಎತ್ತರದ ಆ ನೆಲಕ್ಕೆ ಅಲೆಯ ಹೊಡೆತ ತಾಗದಂತೆ ತಡೆಯುವ ಕೋಟೆಯೂ ಹವಳದ ದಿಬ್ಬವೇ. ಅವರು ಹಿಡಿಯುವುದು ಹೆಚ್ಚಾಗಿ ಹೊರಗಡಲಿನ ಸೂರೆಮೀನು. ಅದರಿಂದ ದಿಬ್ಬದ ಪಾಚಿಯನ್ನು ಮೇಯ್ದು ಸ್ವಚ್ಛವಾಗಿಡುವ ಮೀನುಗಳು ಉಳಿದು, ಹವಳ ಮತ್ತೆ ಚಿಗುರುವುದಕ್ಕೆ ನೆರವಾದವೆಂದು ಈ ವಿಜ್ಞಾನಿಗಳು ಹೇಳುತ್ತಾರೆ. ಆ ದಿಬ್ಬದ ಮೀನಿಗೂ ಈಚೆಗೆ ಬಲೆ ಬೀಳತೊಡಗಿರುವುದು ಕಳವಳದ ಸಂಗತಿ.

ಕಲಾದಗಿ ಜಿಲ್ಲೆಯ ಎರಡು ಗಣತಿಗಳಿಲ್ಲದಿದ್ದರೆ ಆ ಬರದಲ್ಲಿ ಎಷ್ಟು ಜನ ಇಲ್ಲವಾದರೆಂಬುದು ನಮಗೆ ತಿಳಿಯುತ್ತಿರಲಿಲ್ಲ. ಮಂಗಳೂರಿನ ಕಚೇರಿ ನೂರೈವತ್ತು ವರ್ಷ ಆಳಿದ ಕಡ್ಮತ್‌ನ ಹವಳಕ್ಕೆ ಈಗ ಅಂಥ ಲೆಕ್ಕವೊಂದು ದೊರೆತಿದೆ. ಮುಂದಿನ ಸಲ ಎಲ್ ನಿನ್ಯೊ ಬರುತ್ತದೆಂಬ ಸುದ್ದಿ ಪತ್ರಿಕೆಯಲ್ಲಿ ಬಂದಾಗ ಸಿಂದಗಿಯ ರೈತ ಮುಗಿಲು ನೋಡುತ್ತಾನೆ. ಅದೇ ಸುದ್ದಿಗೆ ಕಡ್ಮತ್‌ನ ಬೆಸ್ತ ನೀರು ಮುಟ್ಟಿ ನೋಡುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರೂ ಕಾಯುವುದು ಮಾತ್ರ ಒಂದೇ ಕಡಲಿನ ತೀರ್ಪಿಗೆ.