ಆಸ್ಪತ್ರೆಯ ಭಯ: ಪ್ಲೇಗಿನಿಂದ ಕೋವಿಡ್‌ವರೆಗೆ

ಸಾಂಕ್ರಾಮಿಕ ರೋಗದ ಕಾಲದಲ್ಲಿ ರೋಗಿಯು ಆಸ್ಪತ್ರೆಗೆ ಹೋಗಲು ಹೆದರಿದರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ವಾಡಿಕೆ. ಚರಿತ್ರೆಯು ಈ ತೀರ್ಪನ್ನು ಒಪ್ಪುವುದಿಲ್ಲವೆಂದು ನಾವು ಭಾವಿಸುತ್ತೇವೆ.

1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಿತು. ಅಕ್ಟೋಬರ್ ತಿಂಗಳಲ್ಲಿ ಸುಮಾರು ಸಾವಿರ ಗಿರಣಿ ಕಾರ್ಮಿಕರು ಆರ್ಥರ್ ರೋಡ್ ಆಸ್ಪತ್ರೆಗೆ ನುಗ್ಗಿದರು. ಮರುವರ್ಷದ ಸಾಂಕ್ರಾಮಿಕ ರೋಗಗಳ ಕಾಯಿದೆಯು ಸರಕಾರಕ್ಕೆ ಅಸಾಧಾರಣ ಅಧಿಕಾರ ಕೊಟ್ಟಿತು. ಮನೆಮನೆಗಳ ಶೋಧನೆ ನಡೆದು, ಜ್ವರವಿದ್ದವರೆಲ್ಲರೂ ಶಂಕಿತರಾದರು. ಹೀಗಾಗಿ ಬೇರೆ ಕಾಯಿಲೆಯಿಂದ ನರಳುತ್ತಿದ್ದವರೂ ಅಡಗಿಕೊಳ್ಳಬೇಕಾಯಿತು.

ಇಲ್ಲಿ ಪಂಡಿತಾ ರಮಾಬಾಯಿಯವರ ಸಾಕ್ಷ್ಯ ಮುಖ್ಯವಾದುದು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ, 1883ರಲ್ಲಿ ದೀಕ್ಷಾಸ್ನಾನ ಹೊಂದಿದ ಈ ವಿದುಷಿಯನ್ನು ಯಾರೂ ಅಜ್ಞಾನಿಯೆನ್ನಲಾರರು. ಆದರೂ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ತಮ್ಮ ಆಶ್ರಯದ ಹುಡುಗಿಯೊಬ್ಬಳಿಗೆ ರಕ್ಷಣೆ ದೊರೆಯಲಿಲ್ಲವೆಂದು 1897ರಲ್ಲಿ ಅವರು ಬಾಂಬೆ ಗಾರ್ಡಿಯನ್ ಪತ್ರಿಕೆಗೆ ಬರೆದರು. ಸರಕಾರ ಅದನ್ನು ಅಲ್ಲಗಳೆಯಿತು. ಜನರು ಹೆದರಿದ್ದು ಚಿಕಿತ್ಸೆಗಲ್ಲ. ತಮ್ಮವರಿಂದ ಅಗಲಿಸಲ್ಪಟ್ಟು, ಅಪರಿಚಿತರ ಕೈಯಲ್ಲಿ ಒಂಟಿಯಾಗಿ ಸಾಯುವುದಕ್ಕೆ.

2020ರ ಮಾರ್ಚಿನಲ್ಲಿ ಕರ್ನಾಟಕ ಸರಕಾರವು ಕೋವಿಡ್ ನಿಯಮಗಳನ್ನು ಹೊರಡಿಸಿದ್ದು ಅದೇ 1897ರ ಕಾಯಿದೆಯಡಿಯಲ್ಲಿ! ಈ ಸಲ ಅಡಗಿಕೊಂಡವರಲ್ಲಿ ದೀರ್ಘಕಾಲದ ರೋಗಿಗಳು ಬಹಳ. ಮಧುಮೇಹಿಗಳಿಗೂ ಹೃದ್ರೋಗಿಗಳಿಗೂ ಅಪಾಯ ಹೆಚ್ಚೆಂದು ಪ್ರತಿದಿನ ಎಚ್ಚರಿಸಲಾಗುತ್ತಿತ್ತು. ಎಚ್ಚರಿಕೆಯನ್ನು ಪಾಲಿಸಿದವರು ತಪಾಸಣೆಯನ್ನೂ ಬಿಟ್ಟರು. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಬೇಕಾದವರಿಗಂತೂ ಮನೆ ಬಿಡುವುದೂ ಅಪಾಯ, ಬಿಡದಿರುವುದೂ ಅಪಾಯ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು. 2020ರಲ್ಲಿ ಈ ಸಂಖ್ಯೆ 18 ಲಕ್ಷಕ್ಕೆ ಇಳಿಯಿತು. ರೋಗ ಇಳಿದಿರಲಿಲ್ಲ. ವಾಹನ ಸೌಕರ್ಯವಿಲ್ಲದುದು, ಕ್ಷಯದ ಸಿಬ್ಬಂದಿ ಕೋವಿಡ್ ಕೆಲಸಕ್ಕೆ ಹೋದುದು ಕಾರಣಗಳೇ ಹೌದು. ಭಯವೂ ಒಂದು ಕಾರಣ.

ಈ ಭಯದೊಡನೆ ಖಿನ್ನತೆಯೂ ಸೇರುತ್ತದೆ. ಮಧುಮೇಹಿಗಳಲ್ಲಿ ಖಿನ್ನತೆ ಇತರರಿಗಿಂತ ಹೆಚ್ಚು. ಅದು ಬಂದಾಗ ಔಷಧ, ಆಹಾರಗಳ ಶಿಸ್ತು ತಪ್ಪುತ್ತದೆ. ಮಾತನಾಡಿಸಲು ಯಾರೂ ಬಾರದ ಮನೆಯಲ್ಲಿ ಅದನ್ನು ಗಮನಿಸುವವರೂ ಇರುವುದಿಲ್ಲ. ನಿಮ್ಹಾನ್ಸ್ ಸಂಸ್ಥೆಯ ಸಹಾಯವಾಣಿಯಿಂದ ಹಲವರಿಗೆ ಉಪಕಾರವಾಗಿರಬೇಕು, ಆದರೆ ಕರೆ ಮಾಡಬೇಕೆನ್ನುವ ಮನಸ್ಸು ರೋಗಿಗೆ ಉಳಿದಿರಬೇಕಷ್ಟೆ.

ಆಗ ಸಭೆಯು ಎಲ್ಲಿತ್ತು? ದೇವಾಲಯಗಳು ಮುಚ್ಚಿದುದು ಅನಿವಾರ್ಯವಾಗಿತ್ತು. ಆದರೆ ಆರಾಧನೆಯನ್ನು ಪರದೆಯ ಮೇಲೆ ತರಲು ನಾವು ತೋರಿಸಿದ ಉತ್ಸಾಹ ರೋಗಿಗಳ ಭೇಟಿಗೆ ಬದಲು ಮಾರ್ಗ ಹುಡುಕುವುದರಲ್ಲಿ ಕಾಣಲಿಲ್ಲ. ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯದಲ್ಲಿ ಅಸ್ವಸ್ಥನು ಹಿರಿಯರನ್ನು ಕರೆಯಿಸುತ್ತಾನೆ. ಕರೆಯಲಾರದಷ್ಟು ಕುಗ್ಗಿದವನ ವಿಷಯವನ್ನು ನಮ್ಮ ಸಭಾಪಾಲನಾ ಶಾಸ್ತ್ರವು ಇನ್ನೂ ಗಂಭೀರವಾಗಿ ವಿಚಾರಿಸಬೇಕಾಗಿದೆ.

ಸಮಾಧಿ ದಾಖಲೆಯ ಪುಸ್ತಕದಲ್ಲಿ ಹೆಸರು, ವಯಸ್ಸು, ಮರಣದ ಕಾರಣಗಳಿಗೆ ಸ್ಥಳವಿದೆ. ಸತ್ತವರು ಕೊನೆಯ ತಿಂಗಳುಗಳಲ್ಲಿ ಏಕೆ ಆಸ್ಪತ್ರೆಗೆ ಹೋಗಲಿಲ್ಲವೆಂಬುದಕ್ಕೆ ಇಲ್ಲ. 2020 ಮತ್ತು 2021ರ ಪುಟಗಳನ್ನು ಹಿಡಿದು ಆ ಮನೆಗಳಿಗೆ ಹೋಗಿ ಕೇಳಿ ಬರೆದಿಡುವ ಕೆಲಸ, ನೆನಪುಳ್ಳವರು ಇರುವಾಗಲೇ, ನಮ್ಮ ವಿದ್ಯಾರ್ಥಿಗಳಿಂದ ಆಗಬೇಕಾಗಿದೆ.