ರೆಸಿಡೆನ್ಸಿಯ ಇಂಗ್ಲಿಷ್ ಚರ್ಚು, ಬೀದರಿನ ಕನ್ನಡ ಸಭೆ

ಸುಲ್ತಾನ್ ಬಜಾರ್ ಎಂದರೆ ನಮ್ಮ ವೇದಿಕೆಯ ಗೆಳತಿಯರಿಗೆ ನೆನಪಾಗುವುದು ಬಳೆ, ಲೇಸು, ಸೀರೆಗೆ ಫಾಲ್, ಹಬ್ಬಕ್ಕೆ ಮಕ್ಕಳ ಬಟ್ಟೆ. ಈಗ ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. ಆದರೆ 1933ರವರೆಗೆ ಈ ಬೀದಿಗಳನ್ನು ರೆಸಿಡೆನ್ಸಿ ಬಜಾರ್ ಎನ್ನುತ್ತಿದ್ದರು. ನಿಜಾಮರ ರಾಜಧಾನಿಯ ಪಕ್ಕದಲ್ಲೇ ಇದ್ದರೂ ಇಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ರೆಸಿಡೆಂಟನ ಆಡಳಿತ. ಆ ವರ್ಷ ಪ್ರದೇಶ ನಿಜಾಮರಿಗೆ ಮರಳಿದ ಮೇಲೆ ಇದು ಸುಲ್ತಾನ್ ಬಜಾರ್ ಆಯಿತು. ಹೈದರಾಬಾದಿನ ಪ್ರೊಟೆಸ್ಟೆಂಟ್ ಸಭೆಗಳ ಹಳೆಯ ಕಥೆ ಶುರುವಾಗುವುದು ಈ ಬಜಾರಿನ ಆಸುಪಾಸಿನಲ್ಲೇ. ನಮ್ಮ ಕನ್ನಡದ ಕಥೆಯೂ ಅದರೊಳಗೆ ಸೇರಿಕೊಂಡಿದೆ.

ಕೋಠಿ ಮಹಿಳಾ ಕಾಲೇಜಿನ ಎತ್ತರದ ಕಂಬಗಳ ಕಟ್ಟಡವನ್ನು ನೋಡದವರಿಲ್ಲ. 1803ರ ಹೊತ್ತಿಗೆ ಅದನ್ನು ಕಟ್ಟಿಸಲು ತೊಡಗಿದವನು ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್. ಹೈದರಾಬಾದಿನ ಬೇಗಂ ಖೈರುನ್ನಿಸಾಳನ್ನು ಮದುವೆಯಾಗಲು ಇಸ್ಲಾಂ ಸ್ವೀಕರಿಸಿದವನು ಇವನೇ. 1805ರಲ್ಲಿ ಅವರ ಇಬ್ಬರು ಮಕ್ಕಳನ್ನು ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಅವರಿಗೆ ದೀಕ್ಷಾಸ್ನಾನವಾಗಿ ಹೊಸ ಹೆಸರು ಬಂತು. ತಾಯಿ ಮತ್ತೆ ಆ ಮಕ್ಕಳನ್ನು ನೋಡಲೇ ಇಲ್ಲ. ಈ ಪ್ರೇಮಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ಕರ್ಕ್‌ಪ್ಯಾಟ್ರಿಕ್ ರುಜು ಹಾಕಿದ ಇನ್ನೊಂದು ಕಾಗದದ ಮಾತು ಯಾರೂ ಎತ್ತುವುದಿಲ್ಲ. ಅದು ನಿಜಾಮರೊಂದಿಗಿನ 1800ರ ಒಪ್ಪಂದ. ಕಂಪನಿಯ ಸೈನ್ಯದ ಖರ್ಚಿಗೆಂದು ನಿಜಾಮರು ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟದ್ದು ಅದರಿಂದಲೇ. ಕನ್ನಡ ಬೈಬಲ್ಲಿನ ದಾರಿ ತೆರೆದದ್ದೂ ಅಲ್ಲೇ ಎಂದು ನನಗನ್ನಿಸುತ್ತದೆ. ಅದು ಹೇಗೆ ಎಂಬುದಕ್ಕೆ ಆಮೇಲೆ ಬರುತ್ತೇನೆ.

ರೆಸಿಡೆನ್ಸಿಯ ಅಧಿಕಾರಿಗಳು, ಗುಮಾಸ್ತರು, ಆಂಗ್ಲೋ ಇಂಡಿಯನ್ ಕುಟುಂಬಗಳು ಈ ಸುತ್ತಿನಲ್ಲಿ ನೆಲೆಸಿದ್ದರಿಂದ ಅವರಿಗೆ ಶಾಲೆಯೂ ಪ್ರಾರ್ಥನೆಯ ಜಾಗವೂ ಬೇಕಾದವು. ಸೇಂಟ್ ಜಾರ್ಜ್ ಗ್ರಾಮರ್ ಸ್ಕೂಲ್ 1834ರದು. ಪಕ್ಕದ ಸೇಂಟ್ ಜಾರ್ಜ್ ಚರ್ಚು 19ನೇ ಶತಮಾನದ ನಡುವಿನದು. ಸಿಕಂದರಾಬಾದಿನ ದಂಡಿನಲ್ಲಿ ಸೇಂಟ್ ಜಾನ್ಸ್ ಚರ್ಚು 1813ರಲ್ಲೇ ಎದ್ದಿತ್ತು. ಆದರೆ ಅದು ಸಿಪಾಯಿಗಳ ಊರು. ನಗರದ ಕಡೆಗೆ ಸೇಂಟ್ ಜಾರ್ಜೇ ಹಿರಿಯಣ್ಣ. ಅಲ್ಲಿ ಆರಾಧನೆ ಇಂಗ್ಲಿಷಿನಲ್ಲಿ, ಆಂಗ್ಲಿಕನ್ ಪದ್ಧತಿಯಲ್ಲಿ ನಡೆಯುತ್ತಿತ್ತು. ಕಲಬುರಗಿ ಕಡೆಯಿಂದ ಬಂದ ಕನ್ನಡದ ಆಳೊಬ್ಬ ಆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರೂ ಒಂದು ಮಾತು ತಿಳಿಯುತ್ತಿರಲಿಲ್ಲ.

1870ರ ದಶಕದಲ್ಲಿ ಅಮೆರಿಕದ ಮೆಥಡಿಸ್ಟರು ಬಂದರು. ವಿಲಿಯಂ ಟೇಲರ್ ಎಂಬ ಬೋಧಕ ಮುಂಬೈ, ಬೆಂಗಳೂರು, ಹೈದರಾಬಾದು ಸುತ್ತಿ, ಇಂಗ್ಲಿಷ್ ಆಡುವವರನ್ನೇ ಮೊದಲು ಸೇರಿಸಿ, ತಮ್ಮ ಖರ್ಚನ್ನು ತಾವೇ ನೋಡಿಕೊಳ್ಳುವ ಸಭೆಗಳನ್ನು ಕಟ್ಟಿದ. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳು (1880) ಈ ಪರಂಪರೆಯವೇ. ಇಲ್ಲಿ ಸುಲ್ತಾನ್ ಬಜಾರಿನಿಂದ ಅಬಿಡ್ಸ್ ದಾಟಿದರೆ ಸಿಗುವ ಚಾಪೆಲ್ ರೋಡು, ಅಲ್ಲಿರುವ ಸ್ಟ್ಯಾನ್ಲಿ ಹೆಣ್ಣುಮಕ್ಕಳ ಶಾಲೆಯೂ ಅದೇ ಸಭೆಯವು. ಮೆಥಡಿಸ್ಟ್ ಹೆಂಗಸರ ಮಿಷನರಿ ಸಂಘ 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿತ್ತು. ಗಂಡಸರ ಮಂಡಳಿಯ ಹಣಕ್ಕೆ ಕಾಯದೆ ಅವರೇ ಚಿಲ್ಲರೆ ಕೂಡಿಸಿ ಶಿಕ್ಷಕಿಯರನ್ನೂ ವೈದ್ಯೆಯರನ್ನೂ ಭಾರತಕ್ಕೆ ಕಳಿಸಿದರು. ಧರ್ಮಪ್ರಚಾರದ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ಪರದೆಯೊಳಗಿನ ಹೆಣ್ಣುಮಕ್ಕಳ ಹತ್ತಿರ ಪುಸ್ತಕ ಹಿಡಿದು ಹೋಗಲು ಆಗಿನ ಕಾಲಕ್ಕೆ ಹೆಂಗಸರಿಗೇ ಸಾಧ್ಯವಿತ್ತು.

ಇಂಗ್ಲಿಷ್ ಸಭೆ ಕನ್ನಡಕ್ಕೆ ಹೊರಳಿದ್ದು ರೈಲಿನ ಜೊತೆಗೆ. 1874ರಲ್ಲಿ ವಾಡಿಯಿಂದ ತಾಂಡೂರು, ವಿಕಾರಾಬಾದ್ ಮೇಲೆ ಹಾದು ಹೈದರಾಬಾದಿಗೆ ನಿಜಾಮರ ರೈಲು ಬಂತು. ವಾಡಿ ಎಂದರೆ ನಮ್ಮ ಕಲಬುರಗಿ ಸೀಮೆ. ಮೆಥಡಿಸ್ಟರ ಕೆಲಸ ವಿಕಾರಾಬಾದ್, ಕಲಬುರಗಿ, ಬೀದರಿಗೆ ಹಬ್ಬಿತು. ಮಿಷನ್ನುಗಳು ನಿಜಾಮ ರಾಜ್ಯವನ್ನು ಹೆಚ್ಚುಕಡಿಮೆ ಹಂಚಿಕೊಂಡಿದ್ದವು. ಮೆದಕ್ ಕಡೆ ಇಂಗ್ಲೆಂಡಿನ ವೆಸ್ಲಿಯನ್ನರು, ನಲ್ಗೊಂಡದ ಕಡೆ ಬ್ಯಾಪ್ಟಿಸ್ಟರು, ದೋರ್ನಕಲ್ಲಿನಲ್ಲಿ ಆಂಗ್ಲಿಕನ್ನರು. ಕನ್ನಡದ ಜಿಲ್ಲೆಗಳು ಅಮೆರಿಕದ ಮೆಥಡಿಸ್ಟರ ಪಾಲು. ಬೀದರಿನ ಮಂಗಲಪೇಟೆಗೆ ಹೋದವರಿಗೆ ಅಲ್ಲಿನ ಚರ್ಚು, ಶಾಲೆ ಗೊತ್ತೇ ಇರುತ್ತದೆ. ಸಭೆಗೆ ಸೇರಿದವರು ಬಹುಪಾಲು ದಲಿತರು. ಊರ ಶಾಲೆಯ ಜಗುಲಿ ಹತ್ತಲು ಬಿಡದ ಕಾಲದಲ್ಲಿ ಅಕ್ಷರ ಅವರಿಗೆ ಸಭೆಯ ಮೂಲಕ ಬಂತು.

ಯಾವ ಅಕ್ಷರ ಎಂಬುದು ಇಲ್ಲಿ ಮುಖ್ಯ. 1880ರ ದಶಕದಲ್ಲಿ ನಿಜಾಮ ರಾಜ್ಯದ ಕಚೇರಿಗಳಲ್ಲಿ ಪಾರಸಿ ಹೋಗಿ ಉರ್ದು ಬಂತು. 1918ರ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಉರ್ದು ಮಾಧ್ಯಮದ್ದೇ. ಅಂಥ ರಾಜ್ಯದಲ್ಲಿ ಬೀದರಿನ ಬಡ ಹೆಣ್ಣುಮಗಳೊಬ್ಬಳು ಭಾನುವಾರ ಕೈಯಲ್ಲಿ ಹಿಡಿದದ್ದು ಕನ್ನಡದ ಪುಸ್ತಕ. ಅದು ತಯಾರಾದದ್ದು ಕರ್ಕ್‌ಪ್ಯಾಟ್ರಿಕ್ ಒಪ್ಪಂದದಲ್ಲಿ ಕೈಬದಲಾಯಿಸಿದ ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಅನುವಾದಕ್ಕೆ ಕೂತ. ಜೊತೆಗಿದ್ದ ವಿಲಿಯಂ ರೀವ್ ನಿಘಂಟನ್ನೂ ಮಾಡಿದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಆಮೇಲೆ ಮಂಗಳೂರು, ಧಾರವಾಡದ ಬಾಸೆಲ್ ಮಿಷನ್ನಿನವರು ಅದನ್ನು ತಿದ್ದಿದರು. ಕಿಟೆಲ್‌ರಂಥವರು ಕನ್ನಡದಲ್ಲಿ ಕೀರ್ತನೆಗಳನ್ನು ಬರೆದರು. ಬಳ್ಳಾರಿ, ಮಂಗಳೂರು ಮದ್ರಾಸು ಪ್ರಾಂತ್ಯದಲ್ಲಿ, ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಬೀದರು ನಿಜಾಮರಲ್ಲಿ. 1956ಕ್ಕೆ ಎಷ್ಟೋ ಮುಂಚೆ ಇವೆಲ್ಲ ಒಂದೇ ಪುಸ್ತಕದ ರಟ್ಟಿನೊಳಗೆ ಕೂಡಿಕೊಂಡಿದ್ದವು. ಏಕೀಕರಣದ ಚರಿತ್ರೆ ಬರೆಯುವವರು ಇದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಎಂಬುದು ನನ್ನ ದೂರು.

ಆ ಕನ್ನಡ ಮನೆಯ ಕನ್ನಡವಲ್ಲ ಎನ್ನುವುದೂ ನಿಜ. ಮನೆಯಲ್ಲಿ ‘ಖರೇ’, ‘ಜಲ್ದಿ’, ‘ಹೌದ್ರಿ’ ಎನ್ನುವವರು ಸಭೆಯಲ್ಲಿ ‘ಕರ್ತನು’, ‘ಸುವಾರ್ತೆ’, ‘ಸ್ತೋತ್ರ’ ಎನ್ನಬೇಕು. ಮಡಿ ಬಟ್ಟೆ ಉಟ್ಟ ಹಾಗಿನ ಭಾಷೆ. ಆದರೂ ಅದು ಬಾಯಿಪಾಠವಾಗಿ ಉಳಿಯಿತು.

ಸ್ವಾತಂತ್ರ್ಯದ ನಂತರ ದಾರಿಗಳು ಬೇರೆಯಾದವು. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್ನರು, ವೆಸ್ಲಿಯನ್ನರು ಮೊದಲಾದವರು ಸೇರಿ ಸಿಎಸ್‌ಐ ಆಯಿತು. ಸೇಂಟ್ ಜಾರ್ಜ್ ಈಗ ಅದರ ಮೆದಕ್ ಧರ್ಮಪ್ರಾಂತ್ಯದಲ್ಲಿದೆ. ಅಮೆರಿಕದ ಮೆಥಡಿಸ್ಟರು ಸೇರಲಿಲ್ಲ. 1981ರಲ್ಲಿ ಅವರದು ಸ್ವತಂತ್ರ ಭಾರತೀಯ ಸಭೆಯಾಯಿತು. ಬೀದರಿನ ಕ್ರೈಸ್ತರು ಮೆಥಡಿಸ್ಟರಾಗಿಯೂ ಮಂಗಳೂರು, ಬಳ್ಳಾರಿಯ ಪ್ರೊಟೆಸ್ಟೆಂಟರು ಸಿಎಸ್‌ಐನವರಾಗಿಯೂ ಇರುವುದು ಇದರಿಂದ. ನಡುವೆ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ಸಭೆಯ ಹೆಸರು ಒಂದು, ಶಾಲೆಯ ದಾಖಲೆಯ ಹೆಸರು ಇನ್ನೊಂದು ಎಂಬ ಇಕ್ಕಟ್ಟು ಎಷ್ಟೋ ಮನೆಗಳಲ್ಲಿ ಶುರುವಾದದ್ದು ಆಗಿನಿಂದ. 1956ರಲ್ಲಿ ಬೀದರು, ಕಲಬುರಗಿ, ರಾಯಚೂರು ಮೈಸೂರು ರಾಜ್ಯಕ್ಕೆ ಹೋದವು. ಹೈದರಾಬಾದಿನಲ್ಲಿ ಉಳಿದ ಕನ್ನಡದವರು ಒಂದೇ ದಿನದಲ್ಲಿ ಭಾಷಾ ಅಲ್ಪಸಂಖ್ಯಾತರಾದರು.

ನಮ್ಮ ಸಂಘದ ಸದಸ್ಯೆಯರಲ್ಲಿ ಒಂದು ಕೋರಿಕೆ. ಕ್ರೈಸ್ತ ಮನೆಗಳಲ್ಲಿ ಹಳೆಯ ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವ ರೂಢಿಯಿದೆ. ಹಲವೆಡೆ ಅದು ಅಜ್ಜಿಯ ಕೈಬರಹ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಅಂಥ ಪುಸ್ತಕವಿದ್ದರೆ ಮನೆಯವರನ್ನು ಕೇಳಿ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಮೊಳೆಯಚ್ಚಿನ ಹಳೆಯ ಒತ್ತಕ್ಷರವನ್ನು ಓಸಿಆರ್ ತಂತ್ರಾಂಶ ಇನ್ನೂ ತಪ್ಪಾಗಿ ಓದುತ್ತದೆ, ಕೈಬರಹವಂತೂ ದೂರದ ಮಾತು. ಹಾಗಾಗಿ ಹೆಸರು, ಊರು, ಇಸವಿಗಳನ್ನು ಓದಬಲ್ಲ ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕೂತು ಟೈಪ್ ಮಾಡಿಕೊಳ್ಳಿ.