ರಜೆಯಲ್ಲಿ ನಾಯಿ ಬೆಕ್ಕುಗಳು: ಸಂಪಾಜೆಯ ಬರೆಯದ ಚರಿತ್ರೆ

ನಮ್ಮ ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ಪ್ರಾಣಿಗಳಿಗೆ ಸ್ಥಾನ ಕಡಿಮೆ. ಆನೆ ಕುದುರೆಗಳು ಸೈನ್ಯದ ಲೆಕ್ಕದಲ್ಲಿ ಬರುತ್ತವೆ, ಹುಲಿ ಸಿಂಹಗಳು ಲಾಂಛನಗಳಲ್ಲಿ ಬರುತ್ತವೆ. ಮನೆಯ ನಾಯಿಗೂ ಬೆಕ್ಕಿಗೂ ಅಲ್ಲಿ ಪ್ರವೇಶವಿಲ್ಲ. ಹೈಸ್ಕೂಲಿನಲ್ಲಿ ಮೂರು ದಶಕ ಸಮಾಜ ವಿಜ್ಞಾನ ಬೋಧಿಸಿದ ನನಗೆ ಈ ಕೊರತೆ ಆಗಾಗ ಕಾಡಿದ್ದುಂಟು. ರಜೆಯಲ್ಲಿ ನಮ್ಮ ಮನೆಗೆ ಬಂದು ಹೋಗಿರುವ ಬಂಧುಗಳು, ಮನೆಪಾಠದ ನೆವದಲ್ಲಿ ಬಂದು ಮಾವಿನ ಮರ ಹತ್ತಿದ ಶಿಷ್ಯರು ಈಗ ಬೇರೆ ಬೇರೆ ಊರುಗಳಲ್ಲಿದ್ದಾರೆ. ಅವರು ಪತ್ರ ಬರೆದರೂ, ದೂರವಾಣಿ ಮಾಡಿದರೂ ಮೊದಲು ವಿಚಾರಿಸುವುದು ನನ್ನ ಆರೋಗ್ಯವನ್ನಲ್ಲ, “ಆ ಕಳ್ಳ ನಾಯಿಯ ಸಂತಾನ ಇನ್ನೂ ಇದೆಯೇ ಸಾರ್?” ಎಂದು. ಅವರಿಗಾಗಿ ಈ ಲೇಖನ.

ನಾಯಿಗೆ ಚರಿತ್ರೆಯಲ್ಲಿ ಸ್ಥಾನವೇ ಇಲ್ಲ ಎಂದರೆ ಕನ್ನಡ ನಾಡಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತ ಶಾಸನವನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ಶಕ 872, ಅಂದರೆ ಕ್ರಿ.ಶ. 949-50ರ ಕಲ್ಲು ಅದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದಲ್ಲಿ ಕಾದಿದ ಗಂಗ ದೊರೆ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಸೇವಕ ಮಣಲೇರನು ಆ ಕಾಳಗದಲ್ಲಿ ಪರಾಕ್ರಮ ತೋರಿದಾಗ, ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದ. ಮಣಲೇರ ಕೇಳಿದ್ದು ಹೊನ್ನನ್ನಲ್ಲ, ಊರನ್ನಲ್ಲ, ಕಾಳಿ ಎಂಬ ಹೆಸರಿನ ನಾಯಿಯನ್ನು! ಮುಂದೆ ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಒಟ್ಟಿಗೆ ಸತ್ತವು. ಮಣಲೇರ ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿ ಬಿಟ್ಟ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪ ತಗಲುತ್ತದೆ ಎಂದೂ ಬರೆಸಿದ. ಈಗ ಆ ಕಲ್ಲು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ, ಹೋದವರು ನೋಡಿ ಬನ್ನಿ.

ಈ ಪಾಠವಾದ ಮರುದಿನ ಹುಡುಗರು ತಮ್ಮ ತಮ್ಮ ಮನೆಯ ನಾಯಿಗಳನ್ನು ಕಾಳಿಯೊಡನೆ ಹೋಲಿಸಿಕೊಂಡು ಬರುತ್ತಿದ್ದರು. ಹೆಸರಿನ ಮಟ್ಟಿಗೆ ಹೋಲಿಕೆ ಸರಿಯೇ. ನಮ್ಮೂರಿನ ಅರ್ಧದಷ್ಟು ನಾಯಿಗಳು ಇಂದಿಗೂ ಕಾಳ, ಕಾಳು, ಕರಿಯ. ಪರಾಕ್ರಮದ ಮಟ್ಟಿಗೆ ಮಾತ್ರ ಸಾವಿರ ವರ್ಷಗಳಲ್ಲಿ ವಂಶ ಬಹಳ ಇಳಿದಿದೆ. ನಮ್ಮ ಕಾಳು ಹಂದಿಯ ವಾಸನೆ ಬಂದರೆ ಬಚ್ಚಲಿನ ಒಲೆಯ ಹಿಂದೆ ಸೇರುತ್ತಿದ್ದ.

ಸಂಪಾಜೆಯ ನಾಯಿಗಳಿಗೆ ಬೇರೆ ಊರಿನ ನಾಯಿಗಳಿಗಿಲ್ಲದ ಒಂದು ಭಾಗ್ಯವಿದೆ. ಅದು ಗಡಿ. ನಮ್ಮ ಹೆಸರಿನ ಗ್ರಾಮ ಎರಡು ಜಿಲ್ಲೆಗಳಲ್ಲಿದೆ: ಒಂದು ಕೊಡಗಿನ ಸಂಪಾಜೆ, ಇನ್ನೊಂದು ದಕ್ಷಿಣ ಕನ್ನಡದ ಸುಳ್ಯ ತಾಲೂಕಿನ ಸಂಪಾಜೆ. ಹಾಲೇರಿ ಅರಸರ ಕಾಲದಲ್ಲಿ ಅಮರ ಸುಳ್ಯವೂ ಕೊಡಗಿಗೇ ಸೇರಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಆಂಗ್ಲರು ಘಟ್ಟದ ಕೆಳಗಿನ ಸೀಮೆಯನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಆ ಅಸಮಾಧಾನವೂ ಹಣದ ರೂಪದ ಕಂದಾಯದ ಹೊರೆಯೂ ಕೂಡಿ 1837ರ ಅಮರ ಸುಳ್ಯ ದಂಗೆಯಾಯಿತು, ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಆ ಕಥೆಯನ್ನು ಇನ್ನೊಮ್ಮೆ ವಿಸ್ತಾರವಾಗಿ ಬರೆಯುವೆ. ಇಲ್ಲಿ ನನಗೆ ಬೇಕಾದದ್ದು ಆ ಗೆರೆ ಮಾತ್ರ. ಸ್ವಾತಂತ್ರ್ಯ ಬಂದ ಮೇಲೂ ಗೆರೆಯ ಈಚೆ ಕೊಡಗು ರಾಜ್ಯ, ಆಚೆ ಮದರಾಸು ರಾಜ್ಯ. 1956ರ ನವೆಂಬರ್ 1ರಂದು ಎರಡೂ ಮೈಸೂರು ರಾಜ್ಯದಲ್ಲಿ ಒಂದಾಗುವವರೆಗೆ ನಮ್ಮ ಅಜ್ಜಿಯ ಮನೆಯ ನಾಯಿ ಬೆಳಗಿನ ಗಂಜಿಯನ್ನು ಕೊಡಗಿನಲ್ಲಿ ಕುಡಿದು, ಮಧ್ಯಾಹ್ನದ ಊಟಕ್ಕೆ ಮದರಾಸಿಗೆ ಹೋಗುತ್ತಿತ್ತಂತೆ. “ಎರಡು ಸರಕಾರದ ಅನ್ನ ತಿಂದು ಎರಡಕ್ಕೂ ಕೆಲಸ ಮಾಡದ ಪ್ರಾಣಿ” ಎಂದು ಅಜ್ಜಿ ಅದನ್ನು ಬಯ್ಯುತ್ತಿದ್ದರು.

ಭಾಷೆಯ ವಿಷಯದಲ್ಲೂ ಹಾಗೆಯೇ. ಈ ಮನೆಯಲ್ಲಿ ಅರೆಭಾಷೆ, ಪಕ್ಕದ ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಾಯಿಯನ್ನು ಒಬ್ಬರು “ಬಾ” ಎಂದರೆ ಇನ್ನೊಬ್ಬರು “ಬಲ” ಎನ್ನುವರು, ಮತ್ತೊಬ್ಬರು “ವಾ” ಎನ್ನುವರು. ಕಾಳು ಯಾವ ಭಾಷೆಗೂ ಬರುತ್ತಿರಲಿಲ್ಲ. ತಟ್ಟೆಯ ಸದ್ದಿಗೆ ಬರುತ್ತಿದ್ದ. ಗಡಿಯ ತನಿಖಾ ಠಾಣೆಯಲ್ಲಿ ಮರದ ಲಾರಿಗಳು ಸಾಲುಗಟ್ಟಿ ನಿಂತಿರುವಾಗ ಅಡ್ಡಗಂಬದ ಕೆಳಗೆ ಗಂಭೀರವಾಗಿ ನಡೆದು ಜಿಲ್ಲೆ ದಾಟುತ್ತಿದ್ದ ಅವನ ಠೀವಿಯನ್ನು ನೋಡಿಯೇ ಆನಂದಿಸಬೇಕು.

ಈ ಪ್ರಾಣಿಗಳ ತುಂಟತನಕ್ಕೆ ಐತಿಹಾಸಿಕ ಕಾರಣವೂ ಇದೆಯೆಂಬುದು ನನ್ನ ಅಭಿಪ್ರಾಯ. ಕೊಡಗಿನಲ್ಲಿ ನಾಯಿಗೆ ಒಂದು ಕಾಲದಲ್ಲಿ ನಿಶ್ಚಿತವಾದ ಉದ್ಯೋಗವಿತ್ತು. 1861ರಲ್ಲಿ ಆಂಗ್ಲ ಆಡಳಿತವು ನಿರಾಯುಧೀಕರಣದ ಕಾನೂನಿನಿಂದ ಕೊಡಗಿನವರಿಗೆ ವಿನಾಯಿತಿ ಕೊಟ್ಟಿತು. ಕೋವಿ ಮನೆಯ ಗೋಡೆಯಲ್ಲಿ ಉಳಿಯಿತು. ಕೋವಿ ಇದ್ದಲ್ಲಿ ಬೇಟೆ, ಬೇಟೆ ಇದ್ದಲ್ಲಿ ನಾಯಿ. ಗದ್ದೆಯ ನಾಟಿ ಮುಗಿದು ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ದಿನ ಆಯುಧಗಳಿಗೆ ಪೂಜೆಯಾಯಿತೆಂದರೆ ಕಾಡಿನ ದಾರಿ ತೆರೆಯುತ್ತಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು, ಬೇಟೆ ನಿಂತಿತು. ನಿಲ್ಲಬೇಕಾದದ್ದೇ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಓಡುವುದಕ್ಕೂ ಮೂಸುವುದಕ್ಕೂ ಹೊತ್ತು ತರುವುದಕ್ಕೂ ಹುಟ್ಟಿದ ಒಂದು ಸಂತತಿ ಒಮ್ಮೆಗೇ ನಿರುದ್ಯೋಗಿಯಾಯಿತು ಎಂಬುದನ್ನು ಯಾರೂ ಗಮನಿಸಲಿಲ್ಲ. ಹೊತ್ತು ತರಲು ಮೊಲವಿಲ್ಲ, ಚಪ್ಪಲಿ ಇದೆ. ಅಟ್ಟಲು ಹಂದಿಯಿಲ್ಲ, ಅಂಚೆಯಣ್ಣ ಇದ್ದಾನೆ.

ಈ ನಿರುದ್ಯೋಗದ ಪರಿಣಾಮ ಪೂರ್ಣವಾಗಿ ಪ್ರಕಟವಾಗುತ್ತಿದ್ದುದು ಬೇಸಗೆ ರಜೆಯಲ್ಲಿ. ಏಪ್ರಿಲ್ ಹತ್ತರಂದು ಫಲಿತಾಂಶ ಹೇಳಿ ಶಾಲೆಯ ಬಾಗಿಲು ಹಾಕಿದರೆ ಮನೆ ತುಂಬ ಮಕ್ಕಳು, ಅಂಗಳ ತುಂಬ ಅಡಿಕೆ, ಅಡಿಕೆಯ ನಡುವೆ ಚಾಪೆಗಳ ಮೇಲೆ ಹಲಸಿನ ಹಪ್ಪಳ. ಕಾಗೆ, ಕೋಳಿ, ಕರು, ನಾಯಿ ಎಲ್ಲಕ್ಕೂ ಕಣ್ಣು ಅದರ ಮೇಲೆಯೇ. ಮಕ್ಕಳಿಗೆ ಒಂದು ಕೋಲು ಕೊಟ್ಟು ಕಾವಲಿಗೆ ಕೂರಿಸುವುದು ವಾಡಿಕೆ. ಕಾವಲಿನ ಪಡೆ ಹತ್ತು ನಿಮಿಷಗಳಲ್ಲಿ ಮಾವಿನ ಮರದಲ್ಲಿರುತ್ತಿತ್ತು. ಒಂದು ವರ್ಷ ಕಾಳು ಕೋಳಿಯನ್ನು ಅಟ್ಟಿಕೊಂಡು ಹಸಿ ಹಪ್ಪಳದ ಮೂರು ಚಾಪೆಗಳನ್ನು ಉದ್ದಕ್ಕೆ ದಾಟಿದ. ನನ್ನ ಹೆಂಡತಿ ಆ ಹಪ್ಪಳಗಳನ್ನು ಎಸೆಯಲೂ ಆರದೆ ಇಡಲೂ ಆರದೆ ಒಣಗಿಸಿ ಬೇರೆ ಡಬ್ಬಿಯಲ್ಲಿ ಇಟ್ಟಳು. ಮಳೆಗಾಲದಲ್ಲಿ ಆ ಡಬ್ಬಿಯನ್ನು ತೆಗೆದವರು ಯಾರು, ಶ್ರಾವಣದ ಊಟಕ್ಕೆ ಬಂದ ನೆಂಟರಿಗೆ ಬಡಿಸಿದವರು ಯಾರು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಒಬ್ಬ ಹಿರಿಯರು ಹಪ್ಪಳದ ಮೇಲಿದ್ದ ಐದು ಗುಳಿಗಳನ್ನು ಬೆರಳಿನಿಂದ ಸವರಿ, “ಹೊಸ ಅಚ್ಚೋ?” ಎಂದು ಮೆಚ್ಚಿಕೊಂಡದ್ದು ಮಾತ್ರ ನಿಜ. (ಆ ಮನೆಯವರೂ ಇದನ್ನು ಓದುತ್ತಾರೆ. ಕಾಲ ಕಳೆದಿದೆ, ಕ್ಷಮಿಸುವರೆಂದು ನಂಬಿದ್ದೇನೆ.)

ಬೆಕ್ಕಿನ ತುಂಟತನದಲ್ಲಿ ಇಷ್ಟು ಗದ್ದಲವಿಲ್ಲ. ತೆನಾಲಿ ರಾಮಕೃಷ್ಣ ಬಿಸಿ ಹಾಲಿಟ್ಟು ಬೆಕ್ಕಿಗೆ ಹಾಲಿನ ಭಯ ಹುಟ್ಟಿಸಿದ ಕಥೆಯನ್ನು ಕೇಳಿದ ಮೊಮ್ಮಗಳು ನಮ್ಮ ಪುಚ್ಚೆಯ ಮೇಲೆ ಅದೇ ಪ್ರಯೋಗ ಮಾಡಿದಳು. ಪುಚ್ಚೆ ಹಾಲಿನ ಬಟ್ಟಲಿನ ಮುಂದೆ ಕಣ್ಣು ಮುಚ್ಚಿ ಕುಳಿತು, ಅದು ಆರುವವರೆಗೆ ಕಾದು, ನಂತರ ಕುಡಿಯಿತು. ವಿಜಯನಗರದ ಬೆಕ್ಕಿಗಿಂತ ಸಂಪಾಜೆಯ ಬೆಕ್ಕು ಬುದ್ಧಿವಂತ ಎಂದು ಮೊಮ್ಮಗಳು ತೀರ್ಪು ಕೊಟ್ಟಳು.

ನಮ್ಮಲ್ಲಿ ಇನ್ನೊಂದು ರಜೆಯಿದೆ, ಮಳೆಯ ರಜೆ. ಅದನ್ನು ಸಾರುವ ಅಧಿಕಾರ ಆಯಾ ಜಿಲ್ಲಾಡಳಿತದ್ದು. ಮಳೆ ಒಂದೇ, ಮೋಡ ಒಂದೇ, ಪಯಸ್ವಿನಿ ನದಿಯೂ ಒಂದೇ. ಆದರೂ ಕೊಡಗಿನಲ್ಲಿ ರಜೆ ಸಾರಿ ದಕ್ಷಿಣ ಕನ್ನಡದಲ್ಲಿ ಸಾರದ ದಿನಗಳು ಬರುತ್ತವೆ, ಅದಕ್ಕೆ ವಿರುದ್ಧವಾದ ದಿನಗಳೂ ಬರುತ್ತವೆ. ಗಡಿಯ ಈಚೆ ಮನೆಯಲ್ಲಿದ್ದು ಆಚೆಯ ಶಾಲೆಗೆ ಹೋಗುವ ಮಕ್ಕಳ ಕಷ್ಟವನ್ನು ಯೋಚಿಸಿ. ಅಂತಹ ದಿನಗಳಲ್ಲಿ ಕಾಳು ಮಕ್ಕಳ ಹಿಂದೆ ಶಾಲೆಯವರೆಗೂ ಹೋಗಿ, ತರಗತಿಯ ಬಾಗಿಲಲ್ಲಿ ಮೈ ಕೊಡವಿ, ಮುಂದಿನ ಸಾಲಿನವರಿಗೆಲ್ಲ ಸ್ನಾನ ಮಾಡಿಸಿ ಬರುತ್ತಿದ್ದ.

ಮಳೆಯ ರಜೆ ಎಂದರೆ ನಗು ಬರುತ್ತಿದ್ದ ಕಾಲ 2018ರ ಆಗಸ್ಟಿಗೆ ಮುಗಿಯಿತು. ಆ ತಿಂಗಳ ನಡುವಿನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮದೆನಾಡುಗಳಲ್ಲಿ ಗುಡ್ಡಗಳೇ ಇಳಿದು ಬಂದವು. ಜೀವಗಳು ಹೋದವು, ಮನೆ ತೋಟಗಳು ಹೋದವು, ಮಡಿಕೇರಿಯ ರಸ್ತೆ ಕಡಿದುಹೋಯಿತು. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರು ಸಂಪಾಜೆ, ಕಲ್ಲುಗುಂಡಿ, ಅರಂತೋಡಿನ ಪರಿಹಾರ ಕೇಂದ್ರಗಳಲ್ಲಿ ತಂಗಿದರು. ಅವರಲ್ಲಿ ನಮ್ಮ ಬಂಧುಗಳ ಒಂದು ಕುಟುಂಬವೂ ಇತ್ತು. ಅವರ ಮನೆಯಲ್ಲಿದ್ದದ್ದು ನಮ್ಮ ಕಾಳುವಿನ ಮೊಮ್ಮಗ, ಚಪ್ಪಲಿ ಕಳ್ಳತನದಲ್ಲಿ ಅಜ್ಜನನ್ನು ಮೀರಿಸಿದವನು. ಹೊರಡುವ ಅವಸರದಲ್ಲಿ ಮನೆಯ ಹುಡುಗ ಹಿಂದಿರುಗಿ ಓಡಿ ಸರಪಳಿ ಬಿಚ್ಚಿದ್ದಕ್ಕೆ ದೊಡ್ಡವರಿಂದ ಏಟು ತಿಂದಿದ್ದ. ನಾಯಿ ಅವರ ಹಿಂದೆ ಬರಲಿಲ್ಲ, ಮಳೆಯ ಸದ್ದಿಗೆ ಹೆದರಿ ಕಾಡಿನ ಕಡೆ ಓಡಿತು. ಕೇಂದ್ರದಲ್ಲಿ ಆ ಹುಡುಗ ಊಟ ಬಿಟ್ಟ. ಮನೆ ಹೋದದ್ದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ, ನಾಯಿಯನ್ನೇ ಕೇಳುತ್ತಿದ್ದ. ದೊಡ್ಡವರಿಗೆ ಉತ್ತರ ಕೊಡಲು ಬಾಯಿ ಬರುತ್ತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಕೇಂದ್ರದ ಬಾಗಿಲಿನಲ್ಲಿ ಗಲಾಟೆ. ಹೊರಗೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ಹನ್ನೊಂದು ಕಾಣೆ, ಅವುಗಳಲ್ಲಿ ಒಂದು ಪರಿಶೀಲನೆಗೆ ಬಂದಿದ್ದ ಅಧಿಕಾರಿಯೊಬ್ಬರ ಎಡಗಾಲಿನದು. ಜೋಡಿಯಲ್ಲಿ ಒಂದನ್ನೇ ಒಯ್ಯುವ ಕಳ್ಳ ಯಾರೆಂದು ಹೊರಗಿನವರಿಗೆ ತಿಳಿಯಲಿಲ್ಲ. ಹುಡುಗ ಮಾತ್ರ ಎದ್ದು ಓಡಿದ. ಕಟ್ಟಡದ ಹಿಂದಿನ ಸೌದೆಯ ರಾಶಿಯ ಸಂದಿನಲ್ಲಿ, ಮೈಯೆಲ್ಲ ಕೆಸರಾಗಿ, ಒಂದು ಕಾಲು ಊದಿಕೊಂಡು, ಹನ್ನೊಂದು ಚಪ್ಪಲಿಗಳ ನಡುವೆ ಅದು ಮಲಗಿತ್ತು. ನಾನು ಆ ಹೊತ್ತಿಗೆ ಅಕ್ಕಿಯ ಚೀಲ ಇಳಿಸುವಲ್ಲಿ ಇದ್ದೆ. ಮೊದಲು ನಕ್ಕದ್ದು ಮನೆ ತೋಟ ಎರಡನ್ನೂ ಕಳೆದುಕೊಂಡಿದ್ದ ಒಬ್ಬ ಅಜ್ಜಿ. ಆಮೇಲೆ ಒಬ್ಬೊಬ್ಬರೇ ಸೇರಿ ನಕ್ಕರು. ಒಂದು ಚಪ್ಪಲಿಯಲ್ಲಿ ನಿಂತಿದ್ದ ಅಧಿಕಾರಿಯೂ ನಕ್ಕರು. ನಗುತ್ತಲೇ ಹಲವರು ಅತ್ತರು ಎಂಬುದನ್ನೂ ಬರೆಯಬೇಕು.

2020ರಲ್ಲಿ ಮದೆನಾಡಿನಲ್ಲೂ ಜಂಬೂರಿನಲ್ಲೂ ಸಂತ್ರಸ್ತರಿಗೆ ಹೊಸ ಮನೆಗಳನ್ನು ಹಸ್ತಾಂತರಿಸಿದರು. ನಮ್ಮ ಬಂಧುಗಳಿಗೆ ಸಿಕ್ಕಿದ ಮನೆ ಸಾಲು ಮನೆಗಳ ನಡುವಿನದು. ತೋಟದ ವಿಸ್ತಾರದಲ್ಲಿ ಬೆಳೆದ ನಾಯಿ ಅಲ್ಲಿ ಹೇಗೆ ಬಾಳುವುದೋ ಎಂದು ನಾವು ಚಿಂತಿಸಿದ್ದೆವು. ಒಂದರ ಪಕ್ಕ ಒಂದರಂತೆ ಅಷ್ಟು ಜಗಲಿಗಳು, ಪ್ರತಿ ಜಗಲಿಯಲ್ಲೂ ಚಪ್ಪಲಿಗಳು. ಅದಕ್ಕೆ ಅದು ಸ್ವರ್ಗವೇ ಆಯಿತು. ಅಲ್ಲಿಯ ಜನ ತಿಂಗಳೊಳಗೆ ಚಪ್ಪಲಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಲು ಕಲಿತರು.

ಕೊನೆಯದಾಗಿ ಪುಚ್ಚೆಯ ಸಂತತಿಯ ಒಂದು ಸುದ್ದಿ. 2022ರ ಜೂನ್ ಕೊನೆಯ ವಾರ ಸಂಪಾಜೆ, ಚೆಂಬು, ಗೂನಡ್ಕ, ಕಲ್ಲುಗುಂಡಿಯ ಕಡೆ ಭೂಮಿ ನಡುಗಿದ್ದು ನಿಮಗೆ ಗೊತ್ತಿದೆ. 28ರ ಬೆಳಗ್ಗಿನ ಕಂಪನದ ತೀವ್ರತೆ 3.0 ಎಂದು ಆಮೇಲೆ ಪತ್ರಿಕೆಯಲ್ಲಿ ಬಂತು. ಏಳೂಮುಕ್ಕಾಲರ ಹೊತ್ತು, ನಾನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ. ಅಡುಗೆಮನೆಯ ಅಟ್ಟದ ಪಾತ್ರೆಗಳೆಲ್ಲ ಒಮ್ಮೆಗೇ ಗಡಗಡಿಸಿದವು. ನನ್ನ ಹೆಂಡತಿ ಕ್ಷಣವೂ ತಡಮಾಡದೆ ಸೌಟು ಹಿಡಿದು, “ಈ ಪುಚ್ಚೆಯ ಉಪದ್ರ ಇವತ್ತಿಗೆ ಮುಗಿಸುತ್ತೇನೆ!” ಎಂದು ಕೂಗುತ್ತ ಹೊರಬಂದಳು. ಪುಚ್ಚೆ ನನ್ನ ಕಾಲ ಬಳಿಯಲ್ಲೇ ಇತ್ತು. ಮೈಯ ರೋಮವೆಲ್ಲ ನಿಗುರಿತ್ತು. ಭೂಮಿ ತಾನು ಅಲುಗಾಡಿಸಿದ್ದಲ್ಲ ಎಂದು ಹೇಳುವಂತೆ ಅದು ಅವಳನ್ನೊಮ್ಮೆ ನೋಡಿ ಅಂಗಳಕ್ಕೆ ಹಾರಿತು. ನಾವಿಬ್ಬರೂ ಅದರ ಹಿಂದೆಯೇ ಅಂಗಳಕ್ಕೆ ಇಳಿದೆವು. ಮಧ್ಯಾಹ್ನದವರೆಗೂ ಮೂವರೂ ಒಳಗೆ ಹೋಗಲಿಲ್ಲ.